ಕಪಾಟಿನ ಬೀಗವೂ ಕಾಡಿನ ಗೇಟೂ: ಅಂತರ್ಜಾಲದ ನಿರ್ಬಂಧಗಳನ್ನು ಕುರಿತು ಒಂದು ವಿಮರ್ಶೆ

ವಿಮರ್ಶೆಯೂ ನಿಷೇಧವೂ ಮೇಲುನೋಟಕ್ಕೆ ಒಂದೇ ಮನೆತನದವು. ಕೃತಿಯಲ್ಲಿ ದೋಷವಿದೆ ಎಂಬ ಮಾತಿನಿಂದಲೇ ಎರಡೂ ಆರಂಭವಾಗುತ್ತವೆ. ಅಲ್ಲಿಂದ ಮುಂದೆ ಅವುಗಳ ದಾರಿ ಬೇರೆ. ವಿಮರ್ಶಕನು ದೋಷವನ್ನು ಹತ್ತು ಜನರ ಮುಂದೆ ತೋರಿಸಿ, ಕಾರಣ ಹೇಳಿ, ಕೃತಿಯನ್ನು ಓದುಗನ ಕೈಯಲ್ಲಿಯೇ ಬಿಟ್ಟು ಹೋಗುತ್ತಾನೆ. ನಿಷೇಧಿಸುವವನು ಕೃತಿಯನ್ನು ಆ ಕೈಯಿಂದ ತೆಗೆದುಕೊಂಡು ಹೋಗುತ್ತಾನೆ; ಕಾರಣ ಹೇಳಬೇಕಾದ ಅನಿವಾರ್ಯ ಅವನಿಗೆ ಬಹುಮಟ್ಟಿಗೆ ಇರುವುದಿಲ್ಲ.

ಸಂಘದ ಸಾಹಿತ್ಯ ಸಮಾವೇಶದ ಈ ಸಂಚಿಕೆಗೆ ವಿಮರ್ಶಾ ಲೇಖನವೊಂದನ್ನು ಬರೆಯಬೇಕೆಂದು ಕಾರ್ಯಕಾರಿ ಸಮಿತಿಯವರು ಅಪ್ಪಣೆ ಮಾಡಿದಾಗ, ಒಂದು ಕವನ ಸಂಕಲನವನ್ನೋ ಕಾದಂಬರಿಯನ್ನೋ ಎತ್ತಿಕೊಳ್ಳುವ ಬದಲು ಈ ವ್ಯತ್ಯಾಸವನ್ನೇ ಏಕೆ ವಿಚಾರಿಸಬಾರದು ಎಂದು ನಮಗೆ ತೋರಿತು. ಇಂದು ನಮ್ಮ ಮನೆಗಳಲ್ಲಿ ಓದು ನಡೆಯುವುದು ಹೆಚ್ಚಾಗಿ ಅಂಗೈಯಗಲದ ಮೊಬೈಲಿನಲ್ಲಿ. ಅದರಲ್ಲಿ ಯಾವುದು ಕಾಣಬೇಕು, ಯಾವುದು ಕಾಣಬಾರದು, ಯಾವುದು ಮೊದಲು ಕಾಣಬೇಕು ಎಂಬುದನ್ನು ನಮಗೆ ತಿಳಿಯದಂತೆ ಮೂವರು ನಿರ್ಣಯಿಸುತ್ತಿರುತ್ತಾರೆ: ಸರ್ಕಾರ, ಮನೆಯ ಹಿರಿಯರು, ಸಂಪರ್ಕವನ್ನು ಮಾರುವ ಕಂಪನಿ. ಈ ಮೂವರ ಕೈಯಲ್ಲಿಯೂ ಒಂದೊಂದು ಬೀಗವಿದೆ. ಬೀಗವೇ ಬೇಡವೆನ್ನುವವರು ನಾವಲ್ಲ. ಯಾವ ಬೀಗ ಸರಿ, ಯಾವುದು ತಪ್ಪು ಎಂದು ತೂಗುವ ಅಳತೆಗೋಲು ಯಾವುದು ಎಂಬುದೇ ಈ ಲೇಖನದ ವಿಚಾರ.

ಕಾಡಿನ ಗೇಟು ಕಲಿಸುವ ಪಾಠ

ಆ ಅಳತೆಗೋಲಿಗಾಗಿ ದೂರ ಹೋಗಬೇಕಾಗಿಲ್ಲ. ಗೂಡಲೂರಿನಿಂದಾಗಲಿ ಮಸಿನಗುಡಿಯಿಂದಾಗಲಿ ತೆಪ್ಪಕಾಡಿನ ಮೇಲೆ ಗುಂಡ್ಲುಪೇಟೆಗೆ ಹೊರಟವರೆಲ್ಲ ಬಂಡೀಪುರದ ಕಾಡನ್ನು ಹಾಯ್ದೇ ಹೋಗಬೇಕು. ರಾತ್ರಿ 9 ಗಂಟೆಯಿಂದ ಬೆಳಿಗ್ಗೆ 6 ಗಂಟೆಯವರೆಗೆ ಆ ಹೆದ್ದಾರಿಯಲ್ಲಿ ವಾಹನ ಸಂಚಾರಕ್ಕೆ ನಿಷೇಧವಿದೆ. 2009ರಲ್ಲಿ ಆರಂಭವಾದ ಈ ನಿಷೇಧವನ್ನು ಕರ್ನಾಟಕ ಉಚ್ಚ ನ್ಯಾಯಾಲಯ 2010ರಲ್ಲಿ ಎತ್ತಿಹಿಡಿಯಿತು. ಮೈಸೂರಿನಲ್ಲಿ ಮದುವೆ ಮುಗಿಸಿ, ಊಟದ ಪಂಕ್ತಿಯಿಂದ ಅರ್ಧಕ್ಕೆ ಎದ್ದು ಗೇಟಿನ ಹೊತ್ತಿಗೆ ಓಡಿ ಬಂದವರು ನಮ್ಮ ಸಂಘದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವರಲ್ಲಿ ಗೇಟನ್ನು ಶಪಿಸದವರು ಕಡಿಮೆ.

ಆದರೂ ಆ ಗೇಟಿನ ಗುಣಗಳನ್ನು ಒಮ್ಮೆ ಎಣಿಸಿ ನೋಡೋಣ. ಮೊದಲನೆಯದಾಗಿ, ಅದು ಕಣ್ಣಿಗೆ ಕಾಣುತ್ತದೆ. ಅದರ ವೇಳೆ ಎಲ್ಲರಿಗೂ ಗೊತ್ತು. ಎರಡನೆಯದಾಗಿ, ಅದಕ್ಕೆ ಹೇಳಿದ ಕಾರಣವೊಂದಿದೆ: ರಾತ್ರಿ ರಸ್ತೆ ದಾಟುವ ಆನೆ, ಜಿಂಕೆ, ಹುಲಿಗಳು ಚಕ್ರದಡಿಗೆ ಸಿಕ್ಕಬಾರದು. ಮೂರನೆಯದಾಗಿ, ಬಡವನ ಜೀಪಿಗೂ ಶ್ರೀಮಂತನ ಕಾರಿಗೂ ಅದು ಒಂದೇ ಹೊತ್ತಿಗೆ ಮುಚ್ಚುತ್ತದೆ. ಆಂಬುಲೆನ್ಸ್‌ನಂಥ ತುರ್ತು ವಾಹನಗಳಿಗೆ ಇರುವ ವಿನಾಯಿತಿಯೂ ಬಹಿರಂಗವಾದದ್ದು. ನಾಲ್ಕನೆಯದಾಗಿ, ಅದನ್ನು ಒಪ್ಪದವರು ನ್ಯಾಯಾಲಯಕ್ಕೆ ಹೋಗಿ ವಾದಿಸಬಹುದು, ವಾದಿಸಿದ್ದಾರೆ. ಕಡೆಯದಾಗಿ, ಬೆಳಿಗ್ಗೆ 6 ಗಂಟೆಗೆ ಅದು ತೆರೆಯುತ್ತದೆ. ಕಾಣುವುದು, ಕಾರಣ ಹೇಳುವುದು, ಸಮನಾಗಿರುವುದು, ಪ್ರಶ್ನೆಗೆ ಒಳಗಾಗುವುದು, ಹೊತ್ತು ಬಂದಾಗ ತೆರೆಯುವುದು: ಈ ಐದು ಲಕ್ಷಣಗಳನ್ನು ಕೈಯಲ್ಲಿ ಹಿಡಿದುಕೊಂಡು ಮೂರು ಬೀಗಗಳನ್ನು ಪರೀಕ್ಷಿಸುವುದು ನಮ್ಮ ಉದ್ದೇಶ.

ಸರ್ಕಾರದ ಬೀಗ

ಸರ್ಕಾರವು ಮಾತಿಗೆ ಬೀಗ ಹಾಕುವುದು ಅಂತರ್ಜಾಲದೊಂದಿಗೆ ಹುಟ್ಟಿದ ಅಭ್ಯಾಸವಲ್ಲ. 1878ರಲ್ಲಿ ಲಾರ್ಡ್ ಲಿಟ್ಟನ್ ತಂದ ದೇಶಭಾಷಾ ಪತ್ರಿಕೆಗಳ ಕಾಯಿದೆ ಇಂಗ್ಲಿಷ್ ಪತ್ರಿಕೆಗಳನ್ನು ಮುಟ್ಟಲಿಲ್ಲ. ನಮ್ಮ ಭಾಷೆಗಳಲ್ಲಿ ಬರೆಯುವವರನ್ನು ಮಾತ್ರ ಹಿಡಿಯಿತು. ಅಂದರೆ ಸಮತೆಯ ಪರೀಕ್ಷೆಯಲ್ಲಿ ಅದು ಹುಟ್ಟುವಾಗಲೇ ಸೋತಿತ್ತು. 1908ರಲ್ಲಿ ಮೈಸೂರು ಸಂಸ್ಥಾನದಲ್ಲಿಯೂ ಪತ್ರಿಕೆಗಳ ಮೇಲೆ ನಿಬಂಧನೆ ಬಂತು. ಆಗ ತಾತಯ್ಯನವರೆಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿ ಪ್ರತಿಭಟಿಸಿದರು. ಅವರು ಮರಿಮಲ್ಲಪ್ಪ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರೂ ಆಗಿದ್ದರೆಂಬುದನ್ನು ನೆನೆದಾಗ, ಅದೇ ವೃತ್ತಿಯಲ್ಲಿ ಬಾಳಿದ ನಮಗೆ ಹೆಮ್ಮೆಯೂ ಆಗುತ್ತದೆ, ತಲೆಯೂ ತಗ್ಗುತ್ತದೆ. ತಲೆ ತಗ್ಗುವ ಕಾರಣವನ್ನು ಮುಂದೆ ನಿವೇದಿಸುತ್ತೇವೆ.

ಸ್ವಾತಂತ್ರ್ಯಾನಂತರದ ಕಥೆಯೂ ತೀರ ಭಿನ್ನವಲ್ಲ. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯನ್ನು ಪಟ್ಟಾಭಿರಾಮ ರೆಡ್ಡಿಯವರು 1970ರಲ್ಲಿ ಚಲನಚಿತ್ರವಾಗಿ ತಂದಾಗ, ಜಾತಿಗಳ ನಡುವೆ ಕಲಹಕ್ಕೆ ಎಡೆಯಾದೀತೆಂಬ ಅಂಜಿಕೆಯಿಂದ ಮದರಾಸಿನ ಸೆನ್ಸಾರ್ ಮಂಡಳಿ ಅದನ್ನು ತಡೆಹಿಡಿಯಿತು. ಅನಂತರ ಕೇಂದ್ರದಲ್ಲಿ ಆ ತಡೆ ತೆರವಾಯಿತು. ಅದೇ ಚಿತ್ರಕ್ಕೆ ರಾಷ್ಟ್ರಪತಿಗಳ ಸ್ವರ್ಣಕಮಲ ದೊರೆಯಿತು. ಕಲಹವೇನೂ ಆಗಲಿಲ್ಲ; ಚರ್ಚೆ ಆಯಿತು, ಇಂದಿಗೂ ಆಗುತ್ತಿದೆ. ಮಂಡಳಿ ಅಂಜಿದ್ದ ಪ್ರಶ್ನೆಗಳಿಗೆ ಉತ್ತರ ಹುಡುಕಿದವರು ವಿಮರ್ಶಕರು.

ನಮ್ಮದೇ ರಾಜ್ಯದ ಇನ್ನೊಂದು ನಿದರ್ಶನ ಇನ್ನೂ ಹತ್ತಿರದ್ದು. ತಮಿಳು ಕಾದಂಬರಿಕಾರ ಪೆರುಮಾಳ್ ಮುರುಗನ್ ಅವರ ‘ಮಾದೊರುಬಾಗನ್’ ಕೃತಿಯ ವಿರುದ್ಧ ತಿರುಚೆಂಗೋಡಿನಲ್ಲಿ ಎದ್ದ ಗದ್ದಲದ ಬಳಿಕ, ಜನವರಿ 2015ರಲ್ಲಿ ನಾಮಕ್ಕಲ್‌ನಲ್ಲಿ ಶಾಂತಿ ಸಭೆಯೆಂಬ ಹೆಸರಿನಲ್ಲಿ ಒಂದು ಮಾತುಕತೆ ನಡೆಯಿತು. ಅದು ಮುಗಿದ ಮೇಲೆ ಆ ಲೇಖಕರು ತಮ್ಮೊಳಗಿನ ಬರಹಗಾರ ಸತ್ತನೆಂದು ಫೇಸ್‌ಬುಕ್‌ನಲ್ಲಿ ಘೋಷಿಸಿದರು. ಜುಲೈ 2016ರಲ್ಲಿ ಮದರಾಸು ಉಚ್ಚ ನ್ಯಾಯಾಲಯ ತೀರ್ಪಿತ್ತು, ಪುಸ್ತಕ ಹಿಡಿಸದವನು ಅದನ್ನು ಮುಚ್ಚಿಡಬಹುದು, ಲೇಖಕ ಮತ್ತೆ ಬರೆಯಲಿ ಎಂಬ ಆಶಯವನ್ನು ವ್ಯಕ್ತಪಡಿಸಿತು. ಅವರು ಮತ್ತೆ ಬರೆದರು. ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಸರ್ಕಾರ ಆ ಪುಸ್ತಕವನ್ನು ವಿಧಿವತ್ತಾಗಿ ನಿಷೇಧಿಸಿರಲೇ ಇಲ್ಲ. ಕಾಗದದ ಮೇಲೆ ಇಲ್ಲದ ಬೀಗ ಅದು. ಕಾಣದ ಬೀಗವನ್ನು ಮುರಿಯುವುದು ಕಾಣುವ ಬೀಗವನ್ನು ಮುರಿಯುವುದಕ್ಕಿಂತ ಕಷ್ಟ.

ಅಂತರ್ಜಾಲಕ್ಕೆ ಬಂದರೆ, ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ಕಲಮನ್ನು ಸಾಹಿತ್ಯದ ವಿದ್ಯಾರ್ಥಿಗಳು ಒಂದು ಪಠ್ಯವಾಗಿ ಓದಬೇಕೆಂಬುದು ನಮ್ಮ ಸಲಹೆ. ತೀವ್ರವಾಗಿ ನೋಯಿಸುವಂಥದು, ಕಿರಿಕಿರಿಯುಂಟುಮಾಡುವಂಥದು, ಅನನುಕೂಲವಾಗುವಂಥದು, ಇಂಥ ಸಂದೇಶ ಕಳುಹಿಸಿದವನಿಗೆ 3 ವರ್ಷದವರೆಗೆ ಸೆರೆವಾಸ ಎಂದು ಅದು ವಿಧಿಸಿತ್ತು. ಕಿರಿಕಿರಿ ಎಂಬ ಪದಕ್ಕೆ ಗಡಿಯೆಲ್ಲಿ? ವಿಡಂಬನೆ ಎಂಬ ಸಾಹಿತ್ಯ ಪ್ರಕಾರವೇ ಯಾರಿಗಾದರೂ ಕಿರಿಕಿರಿಯಾಗದೆ ಹುಟ್ಟಲಾರದು. 2012ರ ನವೆಂಬರಿನಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಬಂದ್ ಒಂದನ್ನು ಕುರಿತು ಫೇಸ್‌ಬುಕ್‌ನಲ್ಲಿ ಬರೆದ ಯುವತಿಯನ್ನೂ, ಅದಕ್ಕೆ ಮೆಚ್ಚುಗೆ ಒತ್ತಿದ ಗೆಳತಿಯನ್ನೂ ಬಂಧಿಸಲಾಯಿತು. ಬರೆದವಳಿಗೆ ಶಿಕ್ಷೆಯೆಂದರೆ ಹೇಗೋ ಊಹಿಸಬಹುದು. ಮೆಚ್ಚಿದವಳಿಗೂ ಶಿಕ್ಷೆಯೆಂದರೆ ಅದು ಓದುಗನನ್ನೇ ಬಂಧಿಸಿದ ಹಾಗೆ. 24 ಮಾರ್ಚ್ 2015ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಕಲಮನ್ನು ತೊಡೆದುಹಾಕಿತು. ಆ ತೀರ್ಪು ಮಾಡಿರುವುದು ಒಂದರ್ಥದಲ್ಲಿ ಪದವಿಮರ್ಶೆಯನ್ನೇ. ಒಂದೊಂದು ಪದವನ್ನೂ ಎತ್ತಿ, ಇದರ ಅರ್ಥ ಎಲ್ಲಿ ಆರಂಭ, ಎಲ್ಲಿ ಮುಕ್ತಾಯ ಎಂದು ಕೇಳಿ, ಉತ್ತರ ಸಿಗದ ಪದದಿಂದ ಯಾರನ್ನೂ ಸೆರೆಮನೆಗೆ ಕಳುಹಿಸಲಾಗದೆಂದು ಅದು ನಿರ್ಣಯಿಸಿತು.

ಆದರೆ ಅದೇ ತೀರ್ಪು 69ಎ ಕಲಮನ್ನು ಉಳಿಸಿತು. ಜಾಲತಾಣಗಳನ್ನೂ ಬರಹಗಳನ್ನೂ ತಡೆಯುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಡುವ ಕಲಮು ಅದು. ದೇಶದ ಭದ್ರತೆ, ಸಾರ್ವಜನಿಕ ಶಾಂತಿ ಮೊದಲಾದ ಕಾರಣಗಳನ್ನು ಅದು ಪಟ್ಟಿ ಮಾಡಿದೆ. ಅಷ್ಟರಮಟ್ಟಿಗೆ ಅದು 66ಎಗಿಂತ ಮೇಲು. ತೊಡಕಿರುವುದು 2009ರ ನಿಯಮಗಳ 16ನೆಯ ನಿಯಮದಲ್ಲಿ. ಬಂದ ದೂರನ್ನೂ ಕೈಗೊಂಡ ಕ್ರಮವನ್ನೂ ಗೋಪ್ಯವಾಗಿ ಇಡಬೇಕೆಂದು ಅದು ಹೇಳುತ್ತದೆ. ಗೇಟಿನ ಬಳಿ ಬಂದ ಪ್ರಯಾಣಿಕನಿಗೆ ಗೇಟು ಮುಚ್ಚಿದೆಯೆಂಬುದಷ್ಟೇ ತಿಳಿಯುತ್ತದೆ; ಯಾರು ಮುಚ್ಚಿದರು, ಏಕೆ ಮುಚ್ಚಿದರು, ಎಂದು ತೆರೆಯುತ್ತಾರೆ ಎಂಬುದು ತಿಳಿಯುವುದಿಲ್ಲ. 2015ರ ಆಗಸ್ಟಿನಲ್ಲಿ ಅಶ್ಲೀಲವೆಂದು ಒಮ್ಮೆಗೇ 857 ತಾಣಗಳನ್ನು ಮುಚ್ಚಿಸಿದ ಸರ್ಕಾರ ಕೆಲವೇ ದಿನಗಳಲ್ಲಿ ಆ ಆದೇಶವನ್ನು ಸಡಿಲಿಸಬೇಕಾಯಿತು. ಮಕ್ಕಳನ್ನು ದುರ್ಬಳಸುವ ಚಿತ್ರಗಳನ್ನು ತಡೆಯುವುದಕ್ಕೆ ಯಾರ ವಿರೋಧವೂ ಇಲ್ಲ, ಇರಲೂಬಾರದು. ಪಟ್ಟಿಯನ್ನು ಮೊದಲೇ ಬೆಳಕಿನಲ್ಲಿಟ್ಟು ಪರಿಶೀಲಿಸಿದ್ದರೆ ಆ ಗೊಂದಲವಾಗುತ್ತಿರಲಿಲ್ಲ ಎಂಬುದಷ್ಟೇ ಇಲ್ಲಿಯ ಮಾತು.

ನಿಷೇಧದ ಆಸೆ ಸರ್ಕಾರದಲ್ಲಿ ಮಾತ್ರ ಇದೆಯೆಂದು ನಾವು ತಿಳಿಯಬಾರದು. ಅದು ನಮ್ಮಲ್ಲಿಯೂ ಇದೆ. 2025ರ ಮೇ ತಿಂಗಳಲ್ಲಿ ನಟ ಕಮಲ್ ಹಾಸನ್ ಅವರು ಚೆನ್ನೈನ ಸಮಾರಂಭವೊಂದರಲ್ಲಿ ಕನ್ನಡವು ತಮಿಳಿನಿಂದ ಹುಟ್ಟಿತೆಂಬ ಅರ್ಥದ ಮಾತನಾಡಿದರು. ಆ ತುಣುಕು ಒಂದೇ ದಿನದಲ್ಲಿ ನಮ್ಮೆಲ್ಲರ ಮೊಬೈಲಿಗೆ ಬಂದಿತು. ನಮಗೂ ನೋವಾಯಿತು. ಕರ್ನಾಟಕದಲ್ಲಿ ಅವರ ‘ಥಗ್ ಲೈಫ್’ ಚಿತ್ರದ ಬಿಡುಗಡೆ ನಿಂತಿತು. ಜೂನ್ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ, ಪ್ರಮಾಣಪತ್ರ ಪಡೆದ ಚಿತ್ರವನ್ನು ಗುಂಪಿನ ಬೆದರಿಕೆ ತಡೆಯಲಾಗದು, ಮಾತು ತಪ್ಪೆನ್ನುವವರು ಮಾತಿನಿಂದಲೇ ಉತ್ತರಿಸಲಿ ಎಂಬ ನಿಲುವು ತಳೆಯಿತು. ತಮಿಳು ನೆರೆಹೊರೆಯವರೊಂದಿಗೆ ಒಂದೇ ಬಾವಿಯ ನೀರು ಕುಡಿದು ಬಾಳುವ ನೀಲಗಿರಿಯ ಕನ್ನಡಿಗರಿಗೆ ಆ ದಿನಗಳು ಸುಲಭವಾಗಿರಲಿಲ್ಲ. ಎರಡು ರಾಜ್ಯಗಳು ಮುನಿಸಿಕೊಂಡಾಗ ಬಿಸಿ ಮೊದಲು ತಟ್ಟುವುದು ಗಡಿಯಲ್ಲಿರುವವರಿಗೆ.

ಆ ಮಾತಿಗೆ ಉತ್ತರ ನಮ್ಮ ಬೆಟ್ಟದಲ್ಲಿಯೇ ಇತ್ತು. ಎಂ.ಬಿ. ಎಮೆನೋ ಅವರು 1935ರಿಂದ 1938ರವರೆಗಿನ ಭಾರತವಾಸದಲ್ಲಿ ಇಲ್ಲಿಯೇ ತೋಡ, ಕೋಟ ಭಾಷೆಗಳನ್ನು ಜನರ ಬಾಯಿಯಿಂದ ಕೇಳಿ ಬರೆದುಕೊಂಡರು. ಮುಂದೆ ಟಿ. ಬರೋ ಅವರೊಂದಿಗೆ 1961ರಲ್ಲಿ ದ್ರಾವಿಡ ಭಾಷೆಗಳ ವ್ಯುತ್ಪತ್ತಿ ಕೋಶವನ್ನು ಹೊರತಂದರು. ತಮಿಳು, ಕನ್ನಡ, ತೋಡ, ಕೋಟ ಮುಂತಾದವೆಲ್ಲ ಒಂದು ಮೂಲ ದ್ರಾವಿಡದಿಂದ ಕವಲೊಡೆದ ಸೋದರ ಭಾಷೆಗಳು. ಅವುಗಳಲ್ಲಿ ಒಂದು ತಾಯಿ, ಇನ್ನೊಂದು ಮಗಳು ಎಂಬ ಸಂಬಂಧವಿಲ್ಲ ಎಂಬುದು ಭಾಷಾವಿಜ್ಞಾನಿಗಳ ಸಾಮಾನ್ಯ ಅಭಿಮತ. ಇದನ್ನು ಎರಡು ಪುಟಗಳಲ್ಲಿ ಬರೆದು ತಮಿಳಿನಲ್ಲಿಯೂ ಅಚ್ಚು ಮಾಡಿಸಿ ಹಂಚುವ ಅವಕಾಶ ನಮ್ಮ ಸಂಘಕ್ಕಿತ್ತು. ನಾವು ಹಾಗೆ ಮಾಡಲಿಲ್ಲ. ಬಂದ ತುಣುಕನ್ನು ಇನ್ನೊಬ್ಬರಿಗೆ ಕಳುಹಿಸಿದೆವು. ಚಿತ್ರಮಂದಿರದ ಬಾಗಿಲು ಮುಚ್ಚಿಸುವುದರಿಂದ ಒಬ್ಬ ತಮಿಳು ಬಾಂಧವನ ಅಭಿಪ್ರಾಯವೂ ಬದಲಾಗದು. ಆ ಎರಡು ಪುಟಗಳಿಂದ ಒಬ್ಬನದಾದರೂ ಬದಲಾಗುತ್ತಿತ್ತೋ ಏನೋ.

ಮನೆಯ ಬೀಗ

ಈಗ ತಲೆ ತಗ್ಗುವ ಪ್ರಸಂಗಕ್ಕೆ ಬರೋಣ. ನಾವು ಮುಖ್ಯೋಪಾಧ್ಯಾಯರಾಗಿದ್ದ ಶಾಲೆಯೊಂದರಲ್ಲಿ ಕನ್ನಡ ಪುಸ್ತಕಗಳಿಗೆಂದು ಇದ್ದುದು ಒಂದೇ ಕಪಾಟು. ಬೀಗದ ಕೈ ನಮ್ಮ ಮೇಜಿನಲ್ಲಿರುತ್ತಿತ್ತು. ಒಮ್ಮೆ ಪೋಷಕರೊಬ್ಬರು ಬಂದು, ಇಂಥ ಕಾದಂಬರಿಯಲ್ಲಿ ಹೆಣ್ಣುಮಕ್ಕಳು ಓದಬಾರದ ಮಾತುಗಳಿವೆ ಎಂದು ದೂರಿದರು. ನಾವು ಪುಸ್ತಕವನ್ನು ಓದಿರಲಿಲ್ಲ. ಓದುವ ವ್ಯವಧಾನವೂ ತೋರಲಿಲ್ಲ. ಅದನ್ನು ಕಪಾಟಿನಿಂದ ತೆಗೆದು ಮೇಜಿನ ಕೆಳಗಿನ ಖಾನೆಯಲ್ಲಿಟ್ಟೆವು. ದಾಸ್ತಾನು ಪುಸ್ತಕದಲ್ಲಿ ಅದರ ಹೆಸರಿನ ಮುಂದೆ ‘ಹುಳು ಹಿಡಿದಿದೆ’ ಎಂದು ಬರೆದೆವು. ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಮೂರು ಬಾರಿ ಬಂದು ಆ ಪುಸ್ತಕವನ್ನು ಕೇಳಿದಳು. ಮೂರು ಬಾರಿಯೂ ಬೈಂಡಿಂಗಿಗೆ ಹೋಗಿದೆಯೆಂದು ಹೇಳಿದೆವು. ನಾಲ್ಕನೆಯ ಸಲ ಅವಳು ಕೇಳಲಿಲ್ಲ.

ಕೆಲವು ವರ್ಷಗಳ ನಂತರ ನಿವೃತ್ತಿಯ ವೇಳೆಗೆ ಮೇಜನ್ನು ಖಾಲಿ ಮಾಡುವಾಗ ಪುಸ್ತಕ ಕೈಗೆ ಸಿಕ್ಕಿತು. ಒಂದೇ ರಾತ್ರಿಯಲ್ಲಿ ಓದಿ ಮುಗಿಸಿದೆವು. ತೋಟದ ಕೂಲಿಯಾಳೊಬ್ಬ ಕುಡಿದು ಹೆಂಡತಿಯನ್ನು ಬೈಯುವ ಅರ್ಧ ಪುಟ ಅದರಲ್ಲಿತ್ತು. ಉಳಿದ ಪುಟಗಳೆಲ್ಲ ಆ ಹೆಂಡತಿ ಆ ಬೈಗುಳದಿಂದ ಹೇಗೆ ಹೊರಬಂದಳೆಂಬ ಕಥೆ. ದೂರಿದ ಪೋಷಕರು ಅರ್ಧ ಪುಟವನ್ನು ಓದಿದ್ದರು. ನಾವು ಅದನ್ನೂ ಓದಿರಲಿಲ್ಲ. ಪುಸ್ತಕವನ್ನು ತೆಗೆದಿಟ್ಟದ್ದು ಒಂದು ತಪ್ಪು. ‘ಹುಳು ಹಿಡಿದಿದೆ’ ಎಂದು ಬರೆದದ್ದು ಅದಕ್ಕಿಂತ ದೊಡ್ಡ ತಪ್ಪೆಂದು ಇಂದು ತೋರುತ್ತದೆ. ನಿಜವಾದ ಕಾರಣವನ್ನು ಬರೆದಿದ್ದರೆ ಯಾರಾದರೂ ಒಬ್ಬ ಸಹೋದ್ಯೋಗಿ, ಸಾರ್, ಇದು ಸರಿಯೇ ಎಂದು ಕೇಳುತ್ತಿದ್ದರು. 16ನೆಯ ನಿಯಮದ ಗೋಪ್ಯತೆಯನ್ನು ಟೀಕಿಸುವ ಮೊದಲು ನಮ್ಮ ದಾಸ್ತಾನು ಪುಸ್ತಕವನ್ನು ನೆನೆದುಕೊಳ್ಳುವುದು ನ್ಯಾಯ.

ಇಂದಿನ ತಂದೆತಾಯಂದಿರ ಸ್ಥಿತಿ ನಮ್ಮದಕ್ಕಿಂತ ಕಠಿಣವಾದದ್ದು. 2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದಾಗ, ಮೊಬೈಲ್ ಮುಟ್ಟಬೇಡವೆಂದು ಗದರುತ್ತಿದ್ದ ಮನೆಗಳೇ ಪಾಠಕ್ಕಾಗಿ ಅದನ್ನು ಮಕ್ಕಳ ಕೈಗೆ ಕೊಡಬೇಕಾಯಿತು. ಅಂದು ಕೈಗೆ ಬಂದದ್ದು ಮತ್ತೆ ಹಿಂದಿರುಗಲಿಲ್ಲ. ಹಣವಿಟ್ಟು ಆಡುವ ಆಟಗಳು, ಅಪರಿಚಿತರ ಸಂದೇಶಗಳು, ಎಳೆಯರು ನೋಡಬಾರದ ದೃಶ್ಯಗಳು ಎಲ್ಲವೂ ನಿಜವಾದ ಅಪಾಯಗಳೇ. ಹಣದ ಆಟಗಳಿಗೆ ಮಧ್ಯರಾತ್ರಿ 12ರಿಂದ ಬೆಳಗಿನ 5ರವರೆಗೆ ತಡೆಯೊಡ್ಡಿದ ತಮಿಳುನಾಡಿನ ನಿಯಮವನ್ನು ಮದರಾಸು ಉಚ್ಚ ನ್ಯಾಯಾಲಯ 2025ರಲ್ಲಿ ಮಾನ್ಯ ಮಾಡಿತು. ಅದು ನಮ್ಮ ಕಾಡಿನ ಗೇಟಿನ ಜಾತಿಗೇ ಸೇರಿದ್ದು: ವೇಳೆ ಗೊತ್ತು, ಕಾರಣ ಗೊತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ 18 ವರ್ಷಕ್ಕೆ ಕೆಳಗಿನವರ ಮಾಹಿತಿಯನ್ನು ಬಳಸುವ ಮೊದಲು ಪೋಷಕರ ಒಪ್ಪಿಗೆಯನ್ನು ಖಚಿತಪಡಿಸಿಕೊಳ್ಳಬೇಕೆನ್ನುತ್ತದೆ; ಮಕ್ಕಳ ಬೆನ್ನುಹತ್ತಿ ಜಾಹೀರಾತು ತೋರಿಸುವುದನ್ನು ತಡೆಯುತ್ತದೆ. ಆಸ್ಟ್ರೇಲಿಯವು 2025ರ ಡಿಸೆಂಬರಿನಿಂದ 16 ವರ್ಷದೊಳಗಿನವರಿಗೆ ಸಾಮಾಜಿಕ ಜಾಲತಾಣಗಳ ಖಾತೆಯನ್ನೇ ನಿರಾಕರಿಸಿದೆ.

ಈ ಕಾಳಜಿಯನ್ನು ನಾವು ಗೌರವಿಸುತ್ತೇವೆ. ಆದರೆ ಪೋಷಕ ನಿಯಂತ್ರಣವೆಂಬ ಹೆಸರಿನಲ್ಲಿ ಮೊಬೈಲಿನಲ್ಲಿ ಬರುವ ಜರಡಿಗಳನ್ನು ಸಾಹಿತ್ಯದ ಕಣ್ಣಿನಿಂದ ನೋಡಿದರೆ ಒಂದು ಮೂಲಭೂತ ಕೊರತೆ ಕಾಣುತ್ತದೆ. ಅವುಗಳಲ್ಲಿ ಅನೇಕವು ಪದವನ್ನು ಹಿಡಿಯುತ್ತವೆ, ಸಂದರ್ಭವನ್ನು ಹಿಡಿಯುವುದಿಲ್ಲ. ಇಂಗ್ಲೆಂಡಿನಲ್ಲಿ ಸ್ಕನ್‌ಥಾರ್ಪ್ ಎಂಬ ಊರಿದೆ. ಅದರ ಹೆಸರಿನ ಅಕ್ಷರಗಳ ನಡುವೆ ಒಂದು ಅಸಭ್ಯ ಪದ ಅಡಗಿದೆಯೆಂಬ ಕಾರಣಕ್ಕೆ 1996ರಲ್ಲಿ ಆ ಊರಿನವರಿಗೆ ಅಂತರ್ಜಾಲದ ಖಾತೆ ತೆರೆಯಲು ಆಗಲಿಲ್ಲ. ತೀ.ನಂ.ಶ್ರೀ. ಅವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಓದಿದವರಿಗೆ ಈ ದೋಷದ ಮೂಲ ತಿಳಿಯುತ್ತದೆ. ಕಾವ್ಯದ ಅರ್ಥ ಶಬ್ದದಲ್ಲಿ ನಿಂತುಬಿಡುವುದಿಲ್ಲವೆಂದು ಆನಂದವರ್ಧನನು ಒಂಬತ್ತನೆಯ ಶತಮಾನದಲ್ಲಿಯೇ ಸಾಧಿಸಿದನು; ಯಾವುದು ಎಲ್ಲಿ ತಕ್ಕುದೋ ಅದೇ ಔಚಿತ್ಯವೆಂದು ಕ್ಷೇಮೇಂದ್ರನು ಹೇಳಿದನು. ಔಚಿತ್ಯಕ್ಕೆ ಸಂದರ್ಭ ಬೇಕು, ಸಂದರ್ಭಕ್ಕೆ ಓದು ಬೇಕು. ಪದಗಳ ಪಟ್ಟಿ ಹಿಡಿದು ನಿಂತ ಜರಡಿಗೆ ಅಕ್ಕಮಹಾದೇವಿಯ ದಿಗಂಬರತೆಗೂ ಬೀದಿಯ ಅಶ್ಲೀಲಕ್ಕೂ ಭೇದ ತಿಳಿಯದು. ಅಕ್ಕನನ್ನು ತಡೆದು, ಸಭ್ಯ ಪದಗಳಲ್ಲಿ ಬರೆದ ವಂಚನೆಯ ಸಂದೇಶವನ್ನು ಅದು ಒಳಗೆ ಬಿಡುತ್ತದೆ.

ವಯಸ್ಸಿನ ಪ್ರಶ್ನೆಯೂ ಇದೆ. ನೆರೆಯ ಕೇರಳದ ಕೋಳಿಕ್ಕೋಡು ಜಿಲ್ಲೆಯ ಕಾಲೇಜೊಂದರ ವಿದ್ಯಾರ್ಥಿನಿಲಯದಲ್ಲಿ ಸಂಜೆ 6ರಿಂದ ರಾತ್ರಿ 10ರವರೆಗೆ ಮೊಬೈಲನ್ನು ಒಪ್ಪಿಸಬೇಕೆಂಬ ನಿಯಮವಿತ್ತು. ಒಪ್ಪದ ವಿದ್ಯಾರ್ಥಿನಿಯನ್ನು ಹೊರಗೆ ಹಾಕಲಾಯಿತು. ಆಕೆ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದಳು. ಸೆಪ್ಟೆಂಬರ್ 2019ರಲ್ಲಿ ಬಂದ ತೀರ್ಪು ಅಂತರ್ಜಾಲವನ್ನು ಬಳಸುವ ಹಕ್ಕು ಶಿಕ್ಷಣದ ಹಕ್ಕಿನ, ಖಾಸಗಿತನದ ಹಕ್ಕಿನ ಅಂಗವೆಂದು ಸಾರಿ, ಆಕೆಯನ್ನು ಮತ್ತೆ ಸೇರಿಸಿಕೊಳ್ಳುವಂತೆ ಆದೇಶಿಸಿತು. ಹತ್ತು ವರ್ಷದ ಮಗುವಿಗೆ ಸಲ್ಲುವ ಬೀಗ ಹದಿನೆಂಟು ದಾಟಿದವಳಿಗೆ ಸಲ್ಲದು. ಬೆಳಿಗ್ಗೆ 6 ಗಂಟೆಗೆ ತೆರೆಯದ ಗೇಟು ಗೇಟಾಗಿ ಉಳಿಯುವುದಿಲ್ಲ, ಗೋಡೆಯಾಗುತ್ತದೆ.

ಕನ್ನಡದಲ್ಲಿ ಮಕ್ಕಳಿಗಾಗಿ ಯೋಚಿಸಿದ ಹಿರಿಯರು ಹಿಡಿದ ದಾರಿ ಬೇರೆಯದು. ಶಿವರಾಮ ಕಾರಂತರು 1936ರಲ್ಲಿ ‘ಬಾಲ ಪ್ರಪಂಚ’ದ ಮೂರು ಸಂಪುಟಗಳನ್ನು ಕೊಟ್ಟರು. ಮಗು ಏನನ್ನು ನೋಡಬಾರದೆಂಬ ಪಟ್ಟಿಯನ್ನು ಅವರು ಮಾಡಲಿಲ್ಲ. ನೋಡಬೇಕಾದುದೆಷ್ಟಿದೆ ಎಂದು ತೋರಿಸಿದರು. ಕೆಟ್ಟದ್ದಕ್ಕೆ ಹಾಕುವ ಬೀಗಕ್ಕಿಂತ ಒಳ್ಳೆಯದಕ್ಕೆ ತೆರೆಯುವ ಬಾಗಿಲು ಮಗುವನ್ನು ಹೆಚ್ಚು ಕಾಯುತ್ತದೆಂಬ ನಂಬಿಕೆ ಆ ಕೃತಿಯ ಹಿಂದಿದೆ.

ಕಂಪನಿಯ ಬೀಗ

ಮೂರನೆಯ ಬೀಗ ಎಲ್ಲಕ್ಕಿಂತ ನಯವಾದುದು. ಅದು ಯಾವುದನ್ನೂ ಮುಚ್ಚುವುದಿಲ್ಲ. ಒಂದನ್ನು ಅಗ್ಗವಾಗಿ, ವೇಗವಾಗಿ ಕೊಟ್ಟು ಇನ್ನೊಂದನ್ನು ದುಬಾರಿಯಾಗಿ, ನಿಧಾನವಾಗಿ ಕೊಡುತ್ತದೆ. ಹೀಗೆ ಭೇದ ಮಾಡಬಾರದೆಂಬ ತತ್ತ್ವಕ್ಕೆ ಅಂತರ್ಜಾಲದ ತಟಸ್ಥತೆ, ಅಂದರೆ ನೆಟ್ ನ್ಯೂಟ್ರಾಲಿಟಿ ಎಂದು ಹೆಸರು. ಅಮೆರಿಕದ ಕಾನೂನು ಪ್ರಾಧ್ಯಾಪಕ ಟಿಮ್ ವು 2003ರಲ್ಲಿ ಈ ಪದವನ್ನು ಬಳಕೆಗೆ ತಂದರು. ಕಾಡಿನ ಗೇಟಿನ ಭಾಷೆಯಲ್ಲಿ ಹೇಳುವುದಾದರೆ, ಗೇಟಿನವನು ತನ್ನೊಂದಿಗೆ ಒಪ್ಪಂದ ಮಾಡಿಕೊಂಡ ಬಸ್ಸನ್ನು ಮೊದಲು ಬಿಟ್ಟು, ತರಕಾರಿ ತುಂಬಿದ ಬಡವನ ಜೀಪನ್ನು ಬದಿಗೆ ನಿಲ್ಲಿಸಬಾರದು.

2015ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಈ ಬಗ್ಗೆ ಸಾರ್ವಜನಿಕರ ಅಭಿಪ್ರಾಯ ಕೇಳಿದಾಗ 10 ಲಕ್ಷಕ್ಕೂ ಹೆಚ್ಚು ಇ-ಮೇಲ್‌ಗಳು ಬಂದವು. ಅದೇ ಸಮಯದಲ್ಲಿ ಫೇಸ್‌ಬುಕ್ ಸಂಸ್ಥೆ ಫ್ರೀ ಬೇಸಿಕ್ಸ್ ಎಂಬ ಯೋಜನೆಯನ್ನು ಮುಂದಿಟ್ಟಿತು. ಆಯ್ದ ಕೆಲವು ತಾಣಗಳು ಬಡವರಿಗೆ ಉಚಿತ, ಉಳಿದುದಕ್ಕೆ ಹಣ. ಏನೂ ಇಲ್ಲದವನಿಗೆ ಇಷ್ಟಾದರೂ ಸಿಗಲಿ ಎಂಬ ವಾದವನ್ನು ಹಗುರವಾಗಿ ತಳ್ಳಿಹಾಕಲಾಗದು. ಒಂದೇ ಕಪಾಟಿನ ಶಾಲೆಯಲ್ಲಿ ಕೆಲಸ ಮಾಡಿದ ನಮಗೆ ಅದರ ಬಲ ತಿಳಿಯುತ್ತದೆ. ಆದರೆ ಆ ಕಪಾಟಿನಲ್ಲಿ ಯಾವ ಪುಸ್ತಕ ಇರಬೇಕೆಂದು ಒಬ್ಬನೇ ನಿರ್ಣಯಿಸಿದರೆ ಏನಾಗುತ್ತದೆಂಬುದೂ ನಮಗೆ ತಿಳಿದಿದೆ. ಅಲ್ಲಿ ಹುಡುಗಿಗೆ ಬೇಕಾದ ಪುಸ್ತಕ ಸಿಗುವುದಿಲ್ಲ, ಸಿಗದಿರುವ ಕಾರಣವೂ ತಿಳಿಯುವುದಿಲ್ಲ. 8 ಫೆಬ್ರವರಿ 2016ರಂದು ಪ್ರಾಧಿಕಾರವು ತಾಣದಿಂದ ತಾಣಕ್ಕೆ ಬೇರೆ ಬೇರೆ ದರ ವಿಧಿಸುವುದನ್ನು ನಿಷೇಧಿಸಿತು. ತುರ್ತು ಸೇವೆಗಳಿಗೆ ಮಾತ್ರ ವಿನಾಯಿತಿ ಇಟ್ಟಿತು. ಮೀರಿದವರಿಗೆ ದಿನಕ್ಕೆ 50,000 ರೂಪಾಯಿ ದಂಡ ಗೊತ್ತುಮಾಡಿತು. ಫ್ರೀ ಬೇಸಿಕ್ಸ್ ಭಾರತದಿಂದ ಹಿಂದೆ ಸರಿಯಿತು. 2018ರ ಜುಲೈನಲ್ಲಿ ವೇಗದ ವಿಷಯದಲ್ಲಿಯೂ ಭೇದ ಸಲ್ಲದೆಂಬ ಶಿಫಾರಸಿಗೆ ಸರ್ಕಾರದ ಒಪ್ಪಿಗೆ ದೊರೆಯಿತು. ಅಮೆರಿಕ ತನ್ನ ನಿಯಮಗಳನ್ನು 2017ರ ಡಿಸೆಂಬರಿನಲ್ಲಿ ಕೈಬಿಟ್ಟಿತ್ತೆಂಬುದನ್ನು ನೆನೆದರೆ ಇದು ಸಣ್ಣ ಸಾಧನೆಯಲ್ಲ.

ಇದರಿಂದ ನಮಗೇನು ಎಂದು ಕೇಳುವ ಸದಸ್ಯರಿಗೆ ಹೇಳಬೇಕಾದುದು ಇಷ್ಟು. ತಟಸ್ಥತೆ ತಪ್ಪಿದರೆ ಮೊದಲು ಹಿಂದೆ ಬೀಳುವುದು ಸಣ್ಣ ಭಾಷೆ, ಸಣ್ಣ ಸಂಘ, ಗಡಿಯಾಚೆಯ ಓದುಗ. ಹೊರನಾಡಿನಲ್ಲಿ ಕನ್ನಡದ ವಾಹಿನಿ ಬರುವುದೂ ಬಾರದಿರುವುದೂ ಕೇಬಲ್ಲಿನವನ ಇಚ್ಛೆಗೆ ಬಿಟ್ಟಿದ್ದ ಕಾಲವನ್ನು ನಾವು ಕಂಡಿದ್ದೇವೆ. ಕೇಳುವ ಮನೆಗಳು ಹತ್ತೇ ಇದ್ದರೆ ಅವನು ಏಕೆ ಕೊಟ್ಟಾನು? ಅಂತರ್ಜಾಲ ಬಂದ ಮೇಲೆ ಕನ್ನಡ ವಿಕಿಪೀಡಿಯ, ‘ಕಣಜ’ದಂಥ ತಾಣಗಳು ಮಸಿನಗುಡಿಯ ಮನೆಗೂ ಬೆಂಗಳೂರಿನ ಮನೆಗೂ ಒಂದೇ ದರದಲ್ಲಿ ಬರುತ್ತಿವೆ. ಬಡಗ ಭಾಷೆಯ ನಿದರ್ಶನ ಇನ್ನೂ ಸ್ಪಷ್ಟವಾದುದು. ಆ ಭಾಷೆಯ ಮೊದಲ ಅಚ್ಚಿನ ಪುಸ್ತಕ 1890ರಲ್ಲಿ, ಕನ್ನಡ ಲಿಪಿಯಲ್ಲಿ, ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಬಂತು. ಈ ಬೆಟ್ಟದ ನುಡಿ ಅಚ್ಚಾಗಬೇಕಾದರೆ ಅಂದು ಸಮುದ್ರತೀರದ ಒಂದು ಮಿಶನ್ನಿನ ಮನಸ್ಸು ಬೇಕಾಗಿತ್ತು. ಇಂದು ಬಡಗ ಯುವಕನೊಬ್ಬ ತನ್ನ ಅಜ್ಜಿಯ ಹಾಡನ್ನು ಮೊಬೈಲಿನಲ್ಲಿ ಹಿಡಿದು, ಯಾರ ಅಪ್ಪಣೆಯನ್ನೂ ಬೇಡದೆ ಜಗತ್ತಿಗೆ ಕೇಳಿಸಬಲ್ಲ. ಆ ಹಾಡು ಹೋಗುವ ದಾರಿಯಲ್ಲಿ ಯಾರೂ ಭೇದ ಮಾಡುತ್ತಿಲ್ಲವೆಂಬುದೇ ಅದರ ಭಾಗ್ಯ.

ಉಪಸಂಹಾರ

ಕವಿರಾಜಮಾರ್ಗವು ಕನ್ನಡ ನಾಡಿನ ಎಲ್ಲೆಯನ್ನು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಗುರುತಿಸಿತು. ಆ ಲೆಕ್ಕದಲ್ಲಿ ಕಾವೇರಿಯ ತೆಂಕಣಕ್ಕಿರುವ ನೀಲಗಿರಿಯವರಾದ ನಾವು ಎಲ್ಲೆಯ ಹೊರಗಿನವರು. ಆದರೆ ಅದೇ ಗ್ರಂಥ, ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸುವ ಶಕ್ತಿಯೇ ನಿಜವಾದ ಸಂಪತ್ತೆಂದು ಹೇಳಿದೆ. ಆ ಸಂಪತ್ತಿಗೆ ಎಲ್ಲೆಯಿಲ್ಲ. ಗಮನಿಸಬೇಕಾದುದೆಂದರೆ, ಈ ಮಾತನ್ನು ಹೇಳಿದ್ದು ಕಾವ್ಯದ ಗುಣದೋಷಗಳನ್ನು ಕಟ್ಟುನಿಟ್ಟಾಗಿ ಎಣಿಸಿದ ಲಕ್ಷಣಗ್ರಂಥವೇ. ದೋಷ ತೋರಿಸುವುದಕ್ಕೂ ಸೈರಿಸುವುದಕ್ಕೂ ಅಲ್ಲಿ ವಿರೋಧವಿಲ್ಲ. ಸೈರಣೆಯೆಂದರೆ ಒಪ್ಪಿಕೊಳ್ಳುವುದೆಂದಲ್ಲ, ಒಪ್ಪದಿರುವಾಗಲೂ ಬಾಗಿಲು ಮುಚ್ಚದೆ ಮಾತು ಮುಂದುವರಿಸುವುದು.

ನಮ್ಮ ಸಂಘದ ಕುಟುಂಬಗಳಿಗೆ ಎರಡು ಸಣ್ಣ ವಿನಂತಿಗಳಿವೆ. ಮಗುವಿನ ಮೊಬೈಲಿಗೆ ಬೀಗ ಹಾಕಬೇಕಾದರೆ ಹಾಕಿರಿ. ಹಾಕುವ ಮುನ್ನ ಕಾರಣವನ್ನು ಮಗುವಿಗೆ ಹೇಳಿರಿ, ಎಂದು ತೆಗೆಯುವಿರೆಂಬುದನ್ನೂ ಹೇಳಿರಿ. ಹಿಡಿಸದ ಬರಹವೋ ಭಾಷಣವೋ ಕಣ್ಣಿಗೆ ಬಿದ್ದರೆ, ಅದನ್ನು ತೆಗೆಸಿಹಾಕಿರೆಂದು ಕೂಗುವ ಮೊದಲು ಪೂರ್ತಿ ಓದಿ, ಪೂರ್ತಿ ಕೇಳಿ, ಉತ್ತರವನ್ನು ನಾಲ್ಕು ಸಾಲು ಬರೆಯಿರಿ. ಮುಂದಿನ ವರ್ಷದ ಸಂಚಿಕೆಯಲ್ಲಿ ಅಂಥ ಉತ್ತರಗಳಿಗೆ ಜಾಗ ಕೊಡಬೇಕೆಂದು ಸಂಪಾದಕ ಮಂಡಳಿಯನ್ನು ಕೇಳಿಕೊಳ್ಳುತ್ತೇವೆ.

ನಿವೃತ್ತಿಯ ದಿನ ಆ ಕಾದಂಬರಿಯನ್ನು ಮತ್ತೆ ಕಪಾಟಿನಲ್ಲಿಟ್ಟು, ದಾಸ್ತಾನು ಪುಸ್ತಕದಲ್ಲಿ ‘ಹುಳು ಹಿಡಿದಿದೆ’ ಎಂಬುದನ್ನು ಹೊಡೆದುಹಾಕಿ, ‘ಇದೆ’ ಎಂದು ಬರೆದು ರುಜು ಹಾಕಿದೆವು. ಕೇಳಿದ್ದ ಹುಡುಗಿ ಅಷ್ಟರಲ್ಲಿ ಶಾಲೆ ಬಿಟ್ಟು ಹೋಗಿದ್ದಳು. ಅವಳಿಗೆ ಈಗ ಮಕ್ಕಳಿರಬಹುದು, ಅವರ ಕೈಯಲ್ಲಿ ಮೊಬೈಲ್ ಇರಬಹುದು. ಅವರು ಏನನ್ನಾದರೂ ಕೇಳಿದಾಗ ಅವಳು ನಮಗಿಂತ ಪ್ರಾಮಾಣಿಕವಾದ ಉತ್ತರ ಕೊಡಲಿ ಎಂಬುದೇ ನಮ್ಮ ಹಾರೈಕೆ.